ಕೊಸರು ಕೊಡಬಾರದ ಗಿರಾಕಿ

ಷೆಡ್ಡಿನೊಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಗಂಜಿ ಹಾಕಿದ ಕ್ಯಾನ್ವಾಸ್ ಬಟ್ಟೆಯ ವಾಸನೆ. ಉದ್ದನೆಯ ಕೋಣೆ, ಎರಡು ಸಾಲು ಹೊಲಿಗೆ ಯಂತ್ರಗಳು, ನಡುವೆ ಒಬ್ಬರು ಅಡ್ಡಡ್ಡ ಹಾದುಹೋಗುವಷ್ಟು ದಾರಿ. ಬಾಗಿಲ ಪಕ್ಕದ ಮೇಜಿನ ಮೇಲೆ ಒಂದು ತಕ್ಕಡಿ. ಹೊಲಿದು ಮುಗಿದ ಪ್ರತಿ ಚೀಲವೂ ಅದರ ಮೇಲೆ ಕೂತು ಎದ್ದೇ ಮುಂದೆ ಹೋಗಬೇಕು. ತಕ್ಕಡಿಯ ಹಿಂದೆ, ಕೊರಳಿಗೆ ಅಳತೆ ಟೇಪು ಹಾಕಿಕೊಂಡು ನಿಂತಿರುವವರನ್ನು ಇಲ್ಲಿನ ಟೈಲರುಗಳೆಲ್ಲ ಅಕ್ಕ ಎನ್ನುತ್ತಾರೆ. ವಯಸ್ಸಿನಲ್ಲಿ ಅವರಿಗಿಂತ ಹಿರಿಯರಾದವರೂ ಹಾಗೇ ಕರೆಯುತ್ತಾರೆ.

ಅಕ್ಕ ಹೊಲಿಸುವುದು ಅಂಚೆ ಚೀಲ. ಕೊಳ್ಳುವುದು ಸಮುದ್ರದಾಚೆಯ ಒಂದು ಸರ್ಕಾರದ ಅಂಚೆ ಇಲಾಖೆ.

ಕೆಲಸಕ್ಕೆ ಹೊಸಬರು ಬಂದರೆ ಅಕ್ಕ ಮೊದಲು ಸೂಜಿ, ದಾರದ ಮಾತು ಆಡುವುದಿಲ್ಲ. "ಸರ್ಕಾರಕ್ಕೆ ಮಾರೋದು ಬೀಗರ ಮನೇಲಿ ಮಾತಾಡಿದ ಹಾಗೆ," ಎನ್ನುತ್ತಾರೆ. "ಕೇಳಿದ್ದಕ್ಕೆ ಉತ್ತರ ಕೊಟ್ಟು ಸುಮ್ನಿರಬೇಕು. ಕೇಳದೆ ಇರೋದನ್ನೂ ಸೇರಿಸಿ ಹೇಳಿದ್ರೆ ಅಲ್ಲೇ ತಾಪತ್ರಯ ಶುರು."

ಈ ಪಾಠವನ್ನು ಅವರೇ ಕಲಿಯಬೇಕಾಗಿ ಬಂದದ್ದು ಎರಡು ಸಲ. ಎರಡನೆಯ ಸಲ ಕಲಿಯುವ ಹೊತ್ತಿಗೆ ಈ ಷೆಡ್ಡು ಉಳಿಯುತ್ತದೋ ಇಲ್ಲವೋ ಎನ್ನುವ ಮಟ್ಟಕ್ಕೆ ಬಂದಿತ್ತು.

ಷೆಡ್ಡು ಕಟ್ಟಿದವರು ಅವರ ಅತ್ತೆ. ಹಡಗಿನ ಹಾಯಿ ಹೊಲಿಯುತ್ತಿದ್ದವರ ಮಗಳು. ದಪ್ಪ ಬಟ್ಟೆಗೆ ಸೂಜಿ ಹೇಗೆ ಇಳಿಸಬೇಕೆಂದು ಮಾತು ಕಲಿಯುವ ವಯಸ್ಸಿನಲ್ಲೇ ಕಂಡುಕೊಂಡಿದ್ದ ಹೆಂಗಸು. ಮದುವೆಯಾಗಿ ಬಂದ ಮೇಲೆ ಒಂದು ಹಳೆಯ ಯಂತ್ರ ಇಟ್ಟುಕೊಂಡು ಬೀದಿ ಕೊನೆಯ ಅಂಚೆ ಕಚೇರಿಗೆ ಚೀಲ ಹೊಲಿದುಕೊಟ್ಟರು. ಅಂಚೆಯವರು ಚೀಲವನ್ನು ಎತ್ತಿ ಒಯ್ಯುವುದಿಲ್ಲ, ನೆಲದ ಮೇಲೆ ಎಳೆಯುತ್ತಾರೆ, ಎಳೆದಾಗ ಮೊದಲು ಸವೆಯುವುದು ತಳದ ಎರಡು ಮೂಲೆ ಎಂಬುದು ಅವರ ಕಣ್ಣಿಗೆ ಬಿತ್ತು. ಯಾರೂ ಕೇಳದಿದ್ದರೂ ಎರಡು ಮೂಲೆಗೂ ಒಳಗಿನಿಂದ ಒಂದೊಂದು ತೇಪೆ ಕೊಟ್ಟರು. ಚೀಲಗಳನ್ನು ಐವತ್ತರಂತೆ ಮೂಟೆ ಕಟ್ಟುವಾಗ, ಹಗ್ಗ ಬಿಗಿಯುವ ಮೊದಲು ಮೇಲೊಂದು ಚೀಲ ಇಡುವುದನ್ನೂ ಶುರುಮಾಡಿದರು. ಅಳೆದುಕೊಟ್ಟ ಮೇಲೆ ಮೇಲಿಷ್ಟು ಹಾಕದ ವ್ಯಾಪಾರ ಅವರ ಪ್ರಕಾರ ವ್ಯಾಪಾರವೇ ಅಲ್ಲ. "ಕೊಸರು ಕೊಡದ ಕೈಗೆ ಗಿರಾಕಿ ಎರಡನೇ ಸಲ ಬರಲ್ಲ," ಎನ್ನುತ್ತಿದ್ದರು. ಅವರ ವಿಷಯದಲ್ಲಿ ಅದು ನಿಜವೇ ಆಗಿತ್ತು. ಅಂಚೆ ಕಚೇರಿ ಬಂತು, ಸಕ್ಕರೆ ವ್ಯಾಪಾರಿ ಬಂದ, ರೈಲ್ವೆಯವರು ಬಂದರು, ಬಂದವರು ಬರುತ್ತಲೇ ಇದ್ದರು. ಒಂದು ಯಂತ್ರದ ಜಾಗದಲ್ಲಿ ಎರಡು ಸಾಲು ಯಂತ್ರಗಳಾದವು.

ಸೊಸೆಯಾಗಿ ಬಂದ ಅಕ್ಕ ಅದಕ್ಕೆ ಮುಂಚೆ ಬಂದರಿನ ಒಂದು ಹಡಗು ಏಜೆಂಟರ ಕಚೇರಿಯಲ್ಲಿ ಕಾಗದಪತ್ರ ಟೈಪು ಮಾಡುತ್ತಿದ್ದವರು. ಗಂಡ ಕಟಿಂಗ್ ಮೇಜಿನವರು. ಮಾತು ಕಡಿಮೆ, ಕತ್ತರಿ ಚುರುಕು. ಹೊಲಿಗೆಯ ಗಂಧಗಾಳಿಯೂ ಇಲ್ಲದ ಸೊಸೆಗೆ ಅತ್ತೆ ಮೊದಲು ಕಲಿಸಿದ್ದು ಮೂಟೆ ಕಟ್ಟುವುದನ್ನು. ಎಣಿಸು, ಮೇಲೊಂದು ಇಡು, ಮೊಣಕಾಲು ಒತ್ತಿ ಹಗ್ಗ ಎಳೆ. ಅಡುಗೆಮನೆಯಲ್ಲಿ ಯಾವ ಡಬ್ಬಿ ಎಲ್ಲಿದೆ ಎಂದು ತಿಳಿಯುವ ಮೊದಲೇ ಅಕ್ಕನಿಗೆ ಆ ಗಂಟು ಬರುತ್ತಿತ್ತು.

ಮುಂದೆ ತಮ್ಮ ದೇಶದ ಅಂಚೆ ಇಲಾಖೆ ಕ್ಯಾನ್ವಾಸ್ ಬಿಟ್ಟು ಪ್ಲಾಸ್ಟಿಕ್ ಚೀಲಕ್ಕೆ ಹೋಯಿತು. ರೈಲ್ವೆಯೂ ಅದೇ ದಾರಿ ಹಿಡಿಯಿತು. ಒಂದು ಸಾಲು ಯಂತ್ರಗಳ ಮೇಲೆ ಬಟ್ಟೆ ಹೊದಿಸಿದರು. ಟೈಲರುಗಳು ಪರದೆ, ಸೋಫಾ ಕವರು ಎಂದು ಸಿಕ್ಕಿದ್ದನ್ನು ಹೊಲಿದರು. ಅತ್ತೆ ಒಂದು ದಿನ ಊಟ ಮುಗಿಸಿ ಕೈತೊಳೆದುಕೊಂಡು ಬಂದು, ಮಗ ಸೊಸೆಯನ್ನು ಎದುರಿಗೆ ಕೂರಿಸಿಕೊಂಡು ತೀರ್ಮಾನ ಹೇಳಿದರು. ಬರುವ ವರ್ಷದೊಳಗೆ ಒಬ್ಬ ದೊಡ್ಡ ಗಿರಾಕಿ ಸಿಗದಿದ್ದರೆ ಯಂತ್ರಗಳನ್ನು ಮಾರಿ ಷೆಡ್ಡನ್ನು ಗೋದಾಮಿಗೆಂದು ಕೇಳುತ್ತಿದ್ದವನಿಗೆ ಬಾಡಿಗೆ ಕೊಡುವುದು. ಕಣ್ಣೀರು ಹಾಕಲಿಲ್ಲ, ದನಿ ಏರಿಸಲಿಲ್ಲ. ಕಟ್ಟಿದವರೇ ಕೆಡವುವ ಮಾತಾಡಿದ್ದರು.

ಅಕ್ಕನ ದಾರಿ ಬೇರೆಯಾಗಿತ್ತು. ಎಲ್ಲೋ ಒಂದು ಕಡೆ ಇನ್ನೂ ಕ್ಯಾನ್ವಾಸ್ ಚೀಲ ಬೇಕಾದವರು ಇದ್ದೇ ಇರುತ್ತಾರೆ ಎಂದು ಅವರು ದಿನಾ ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತು ದೇಶದೇಶಗಳ ಟೆಂಡರ್ ಪ್ರಕಟಣೆ ಹುಡುಕಿದರು. ದ್ವೀಪಗಳೇ ಹೆಚ್ಚಾಗಿರುವ ಒಂದು ದೇಶದ ಅಂಚೆ ಇಲಾಖೆ ಚೀಲ ಕೇಳಿತ್ತು. ಯಾವ ದೇಶದವರಾದರೂ ಬೆಲೆ ಹೇಳಬಹುದು, ಜೊತೆಗೆ ಮಾದರಿ ಚೀಲ ಕಳಿಸಬೇಕು.

ಪಕ್ಕದ ಅಂಗಡಿಯಲ್ಲಿ ತಕ್ಕಡಿ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಎಲ್ಲರಿಗೂ ತಕ್ಕಡಿ ಮಾವ. ಬೀದಿಯ ಯಾವ ಸುದ್ದಿಯೂ ಅವರ ತಕ್ಕಡಿಗೆ ಏರದೆ ಮುಂದೆ ಹೋಗುವುದಿಲ್ಲ. "ನಮ್ಮ ಬೀದಿ ಪೋಸ್ಟಾಫೀಸೇ ನಿನ್ನ ಚೀಲ ಬೇಡ ಅಂತು. ಇನ್ನು ಮುಖ ನೋಡದ ಸರ್ಕಾರ ಕರೆದು ಕೊಳ್ಳುತ್ತಾ?" ಎಂದರು.

"ಮುಖ ನೋಡಲ್ಲ ಅನ್ನೋದೇ ಒಳ್ಳೇದು ಮಾವ," ಎಂದರು ಅಕ್ಕ. "ಚೀಲ ನೋಡ್ತಾರೆ."

ಚೀಲದ ಬಗ್ಗೆ ಅವರಿಗೆ ಅನುಮಾನವೇ ಇರಲಿಲ್ಲ. ಅತ್ತೆಯೇ ಕೂತು ಮಾದರಿ ಹೊಲಿದರು. ಮೂಲೆಯ ತೇಪೆಗೆ ಎಂದಿಗಿಂತ ಒಂದು ಸಾಲು ಹೆಚ್ಚೇ ಹೊಲಿಗೆ ಬಿತ್ತು. ಪರದೇಶದವರು ನೋಡುವ ಚೀಲ ತಾನೇ.

ಟೆಂಡರ್ ಬೇರೆಯವರಿಗೆ ಹೋಯಿತು. ಎರಡು ಸಾಲಿನ ವಿಷಾದ ಪತ್ರ ಬಂತು. ಒಳಗೆ ಯಾರನ್ನಾದರೂ ಹಿಡಿಯದೆ ಇಂಥ ಕೆಲಸ ಆಗುವುದಿಲ್ಲ ಎಂದು ಬೀದಿಯೆಲ್ಲ ಹೇಳಿತು. ಅಕ್ಕ ಮಾತ್ರ ಟೆಂಡರಿನ ಷರತ್ತುಗಳನ್ನು ಮತ್ತೆ ತೆರೆದು ಓದಿದರು. ಸೋತವರು ತಾವು ಯಾಕೆ ಸೋತೆವೆಂದು ಕೇಳಬಹುದು, ಕೇಳಿದರೆ ಇಲಾಖೆ ಕಾರಣ ಹೇಳಲೇಬೇಕು ಎಂದು ಅದರಲ್ಲಿತ್ತು.

"ಗಂಡಿನ ಕಡೆಯವರು ಒಲ್ಲೆ ಅಂದ ಮೇಲೆ ಯಾಕೆ ಅಂತ ಕೇಳೋಕೆ ಯಾರಾದ್ರೂ ಹೋಗ್ತಾರೇನಮ್ಮ?" ಎಂದರು ತಕ್ಕಡಿ ಮಾವ.

"ಇಲ್ಲಿ ಹೋಗಬಹುದು ಮಾವ. ಬನ್ನಿ ಅಂತ ಅವರೇ ಬರೆದಿದ್ದಾರೆ."

ಅಕ್ಕ ಕಾರಣ ಕೇಳಿ ಬರೆದರು. ಇಲಾಖೆ ಗೊತ್ತುಮಾಡಿದ ದಿನ ಕಂಪ್ಯೂಟರಿನ ಪರದೆಯ ಮೇಲೆ ಖರೀದಿ ಅಧಿಕಾರಿ ಕಾಣಿಸಿಕೊಂಡರು. ಅಕ್ಕನದೇ ವಯಸ್ಸಿನ ಹೆಂಗಸು, ನೆಗಡಿಯಿಂದ ಮೂಗು ಕೆಂಪಾಗಿತ್ತು. ಮಾದರಿ ಚೀಲ ಅವರ ಮೇಜಿನ ಮೇಲೇ ಇತ್ತು. ಇಬ್ಬರಿಗೂ ಸ್ವಂತದ್ದಲ್ಲದ ಒಂದು ಭಾಷೆಯಲ್ಲಿ ನಿಧಾನಕ್ಕೆ ಮಾತು ಸಾಗಿತು. ಬಂದ ಮಾದರಿಗಳಲ್ಲೆಲ್ಲ ನಿಮ್ಮದೇ ಗಟ್ಟಿ, ನಮ್ಮವರು ಜಗ್ಗಿ ನೋಡಿದರೂ ಹರಿಯಲಿಲ್ಲ ಎಂದರು ಅಧಿಕಾರಿ. ಆಮೇಲೆ ಚೀಲವನ್ನು ಒಂದು ತಕ್ಕಡಿಯ ಮೇಲಿಟ್ಟು, ಅದರ ಅಂಕಿ ಕಾಣುವಂತೆ ಕ್ಯಾಮೆರಾದ ಕಡೆ ತಿರುಗಿಸಿದರು. ಟೆಂಡರಿನಲ್ಲಿ ಹೇಳಿದ್ದಕ್ಕಿಂತ ತೂಕ ಹೆಚ್ಚಿತ್ತು.

ಆ ದೇಶದಲ್ಲಿ ಅಂಚೆ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವುದು ಪುಟ್ಟ ವಿಮಾನಗಳಲ್ಲಿ. ಖಾಲಿ ಚೀಲದ ತೂಕ ಇಷ್ಟೇ ಎಂದು ಗೊತ್ತುಮಾಡಿ, ಉಳಿದಷ್ಟಕ್ಕೆ ಪತ್ರ, ಪಾರ್ಸಲು ತುಂಬುತ್ತಾರೆ. ಚೀಲವನ್ನು ಅಲ್ಲಿ ಯಾರೂ ಎಳೆಯುವುದಿಲ್ಲ. ಕೊಕ್ಕೆಗೆ ನೇತುಹಾಕಿ ಗಾಲಿಯ ಮೇಲೆ ತಳ್ಳಿಕೊಂಡು ಹೋಗುತ್ತಾರೆ. "ನೀವು ಉಚಿತವಾಗಿ ಕೊಟ್ಟ ಬಟ್ಟೆಗೆ ನಾವು ಪ್ರತಿ ಪ್ರಯಾಣದಲ್ಲೂ ವಿಮಾನದ ಬಾಡಿಗೆ ಕೊಡಬೇಕಾಗುತ್ತದೆ," ಎಂದರು ಅಧಿಕಾರಿ. ಅದರಲ್ಲಿ ಕುಹಕವಿರಲಿಲ್ಲ. ಇದೇ ವರ್ಷ ಇನ್ನೊಂದು ಕಂತು ಕೊಳ್ಳಲಿದ್ದೇವೆ, ಪ್ರಕಟಣೆ ನೋಡುತ್ತಿರಿ ಎಂದೂ ಹೇಳಿದರು. ಅದನ್ನು ಎಲ್ಲರಿಗೂ ಹೇಳುತ್ತೇವೆ ಎಂದು ಸೇರಿಸಲು ಮರೆಯಲಿಲ್ಲ.

ಸೋಲಿನ ಕಾರಣ ಇಷ್ಟು ಚಿಕ್ಕದೆಂದು ತಿಳಿದ ಕ್ಷಣದಿಂದಲೇ ಮುಂದಿನ ಸಲ ತಾವೇ ಗೆಲ್ಲುವುದು ಎಂದು ಅಕ್ಕನಿಗೆ ಖಾತ್ರಿಯಾಯಿತು. ಕಷ್ಟವಿದ್ದದ್ದು ಮನೆಯೊಳಗೆ. ತೇಪೆ ಅಂದರೆ ಅತ್ತೆ, ಅತ್ತೆ ಅಂದರೆ ತೇಪೆ.

ಯಂತ್ರಕ್ಕೆ ದಾರ ಪೋಣಿಸುತ್ತಿದ್ದ ಅತ್ತೆ ಎಲ್ಲ ಕೇಳಿಸಿಕೊಂಡರು. "ನಾನು ಪುಕ್ಕಟೆ ಕೊಟ್ಟಿದ್ದು ಅವರಿಗೆ ಭಾರ ಆಯ್ತಂತಾ?" ಎಂದಷ್ಟೇ ಕೇಳಿ ದಾರ ಕಚ್ಚಿ ಕತ್ತರಿಸಿದರು. ಆಮೇಲೆ ಕೆಲವು ದಿನ ಸೊಸೆಯ ಜೊತೆ ಉಪ್ಪು, ನೀರು, ಬಾಗಿಲು ಹಾಕು ಎಂಬಷ್ಟಕ್ಕೇ ಮಾತು. ಮಗ ಇಬ್ಬರ ನಡುವೆ ಬಟ್ಟೆ ಕತ್ತರಿಸುತ್ತಿದ್ದರು.

ಒಂದು ಬೆಳಿಗ್ಗೆ ಅತ್ತೆ ಒಂದು ಚೀಲವನ್ನು ಕಂಕುಳಲ್ಲಿ ಇರುಕಿಕೊಂಡು ತಕ್ಕಡಿ ಮಾವನ ಅಂಗಡಿಗೆ ಹೋದರು. ತೂಗಿಸಿದರು. ಅಲ್ಲೇ ಸ್ಟೂಲಿನ ಮೇಲೆ ಕೂತು ಎರಡು ಮೂಲೆಯ ತೇಪೆಯನ್ನೂ ಬಿಚ್ಚಿ ಮತ್ತೆ ತೂಗಿಸಿದರು. ಬಿಚ್ಚಿದ ತುಂಡುಗಳನ್ನು ಅಂಗೈಯಲ್ಲಿಟ್ಟುಕೊಂಡು ಕೈಯನ್ನು ಮೇಲೆ ಕೆಳಗೆ ಆಡಿಸಿ ನೋಡಿದರಂತೆ. ವಾಪಸು ಬಂದವರೇ ಸೊಸೆಯ ಮುಂದೆ ಆ ತುಂಡುಗಳನ್ನು ಇಟ್ಟರು.

"ಇಸ್ಕೊಳ್ಳೋನಿಗೆ ಹೊರೆ ಆಗೋದಾದ್ರೆ ಅದು ಕೊಸರಲ್ಲ ಕಣೇ. ತೆಗೆಸ್ಬಿಡು."

ಅಂದೇ ಅಕ್ಕ ತಕ್ಕಡಿ ಮಾವನಿಂದ ಒಂದು ತಕ್ಕಡಿ ತಂದು ಬಾಗಿಲ ಬಳಿ ಇಟ್ಟರು. ಎರಡನೆಯ ಟೆಂಡರ್ ಬಂದಾಗ ಕೇಳಿದ ಅಳತೆ, ಕೇಳಿದ ಹೊಲಿಗೆ, ಕೇಳಿದ ತೂಕದ ಮಾದರಿ ಹೋಯಿತು. ಗೆದ್ದರು. ಮೂಟೆಗೆ ಐವತ್ತರಂತೆ ನಲವತ್ತು ಮೂಟೆ ಚೀಲಗಳ ಬೇಡಿಕೆ. ಒಪ್ಪಂದದ ಜೊತೆ ಒಂದು ಮುಚ್ಚಳಿಕೆಯೂ ಬಂತು. ಇಲಾಖೆಗಾಗಲೀ ಅದರ ಪರವಾಗಿ ಬರುವವರಿಗಾಗಲೀ ಒಪ್ಪಂದದ ಹೊರಗಿನ ಏನನ್ನೂ ಕೊಡತಕ್ಕದ್ದಲ್ಲ ಎಂದು ಅದರ ಸಾರ.

"ಒಂದು ಲೋಟ ಚಹಾನೂ?" ಎಂದು ಕೇಳಿದರು ಅತ್ತೆ.

"ಚಹಾನೂ."

"ಎಂಥಾ ಗಿರಾಕಿನಪ್ಪಾ," ಎಂದರು ಅತ್ತೆ. ನಗಲಿಲ್ಲ.

ಹೊದಿಸಿದ್ದ ಬಟ್ಟೆ ತೆಗೆದು ಎಲ್ಲ ಯಂತ್ರಗಳಿಗೂ ಎಣ್ಣೆ ಹಾಕಿದರು. ಸೋಫಾ ಕವರಿಗೆ ಹೋಗಿದ್ದ ಟೈಲರುಗಳು ಮರಳಿದರು. ಕೈತಪ್ಪಿ ಕೆಟ್ಟರೆ ಇರಲಿ ಎಂದು ಗಂಡ ಎಂದಿನಂತೆ ಒಂದಷ್ಟು ಹೆಚ್ಚು ಚೀಲಕ್ಕೆ ಬಟ್ಟೆ ಕತ್ತರಿಸಿದ್ದರು. ಅಕ್ಕ ದಿನಾ ಬೆಳಿಗ್ಗೆ ಯಂತ್ರಗಳ ನಡುವೆ ಓಡಾಡುತ್ತಾ ಒಂದೇ ಮಂತ್ರ ಜಪಿಸುತ್ತಿದ್ದರು: ತೇಪೆ ಇಲ್ಲ, ಹೆಚ್ಚಿನ ಹೊಲಿಗೆ ಇಲ್ಲ, ಕೊಸರು ಅನ್ನೋ ಮಾತೇ ಇಲ್ಲ. ಮೂಟೆ ಕಟ್ಟುವ ಕೆಲಸವನ್ನು ಬೇರೆಯವರಿಗೆ ಬಿಡದೆ ತಾವೇ ಮಾಡಿದರು. ಅಷ್ಟು ಎಚ್ಚರ.

ತಪಾಸಣೆಯ ದಿನ ಬಂತು. ಆ ಸರ್ಕಾರ ನೇಮಿಸಿದ್ದ ಇನ್‌ಸ್ಪೆಕ್ಟರು ಇದೇ ಊರಿನ ಕಡೆಯವರು. ಸಣಕಲು ಮೈ, ಹೆಗಲಿಗೆ ಚೀಲ, ಚೀಲದಲ್ಲಿ ಸ್ವಂತ ತಕ್ಕಡಿ ಮತ್ತು ಸ್ವಂತ ಫ್ಲಾಸ್ಕು. ಕೆಲವು ಮೂಟೆಗಳನ್ನು ಅವರೇ ಆರಿಸಿ ಬಿಚ್ಚಿಸಿ, ಎಣಿಸಿ, ತೂಗಿ ನೋಡಬೇಕು. ಸರಿಯಿದ್ದರೆ ಸಹಿ. ಇಲ್ಲದಿದ್ದರೆ ಸರಕು ಪೂರ್ತಿ ತಿರಸ್ಕಾರ. ಹಡಗಿಗೆ ಸರಕು ಒಪ್ಪಿಸಲು ಮಾರನೆಯ ದಿನವೇ ಕೊನೆ. ಹಡಗು ತಪ್ಪಿದರೆ ಒಪ್ಪಂದ ರದ್ದುಮಾಡುವ ಹಕ್ಕು ಇಲಾಖೆಗಿತ್ತು. ಒಪ್ಪಂದ ಹೋದರೆ ಷೆಡ್ಡೂ ಹೋದಂತೆ. ಅತ್ತೆ ತಮ್ಮ ತೀರ್ಮಾನವನ್ನು ಹಿಂತೆಗೆದುಕೊಂಡಿರಲಿಲ್ಲ.

ತಡೆಯಲಾರದೆ ಅತ್ತೆ ಒಂದು ಲೋಟ ಚಹಾ ತಂದೇಬಿಟ್ಟರು. ಇನ್‌ಸ್ಪೆಕ್ಟರು ಬೇಡವೆಂದು ಕೈಯಾಡಿಸಿ, ಮುಂಬಾಗಿಲ ಬೆಂಚಿನ ಮೇಲೆ ಕೂತು ತಮ್ಮ ಪೆನ್ನು, ಕಾಗದ ಹೊರತೆಗೆದರು. ಅತ್ತೆಗೆ ಮುಖಕ್ಕೆ ಹೊಡೆದಂತಾಯಿತು. ಲೋಟ ಹಿಡಿದು ಮೂಟೆ ಕೋಣೆಗೆ ಬಂದವರು ಅದನ್ನು ಇಡಲು ಮೂಲೆಯ ಕಪಾಟಿನ ಕಡೆ ತಿರುಗಿದರು. ಪ್ರತಿ ಬೇಡಿಕೆ ಮುಗಿದ ಮೇಲೂ ಮಿಕ್ಕ ಚೀಲಗಳು ಕೂರುವ ಕಪಾಟು ಅದು. ಲೋಟ ಇಡಲು ಜಾಗ ಮಾಡಬೇಕಾಗಿಯೇ ಬರಲಿಲ್ಲ. ಕಪಾಟು ಖಾಲಿ.

"ಮಿಕ್ಕಿದ ಚೀಲ ಎಲ್ಲಿ?"

"ಮಿಕ್ಕಿಲ್ಲ ಅತ್ತೆ," ಎಂದರು ಅಕ್ಕ. "ಈ ಸಲ ಲೆಕ್ಕ ಸರಿಯಾಗಿ ಕೂತಿದೆ." ಹೇಳುವಾಗ ದನಿಯಲ್ಲಿ ಹೆಮ್ಮೆಯೇ ಇತ್ತು.

ಅತ್ತೆ ಒಪ್ಪಗಿಟ್ಟ ಮೂಟೆಗಳನ್ನು ಒಮ್ಮೆ ನೋಡಿದರು, ಸೊಸೆಯನ್ನು ಒಮ್ಮೆ ನೋಡಿದರು. "ಕಟ್ಟಿದ್ದು ನೀನು. ಮೇಲೊಂದು ಇಟ್ಯಾ?"

ಅಕ್ಕ ಮೂಟೆಗಳ ಕಡೆ ತಿರುಗಿದರು. ಐವತ್ತು ಎಣಿಸಿದ್ದು ಸ್ಪಷ್ಟವಾಗಿ ನೆನಪಿತ್ತು. ಎಣಿಸಿದ ಮೇಲೆ, ಮೊಣಕಾಲು ಒತ್ತುವ ಮೊದಲು, ಕೈ ಏನು ಮಾಡಿತೆಂಬುದು ನೆನಪಿರಲಿಲ್ಲ. ಉಸಿರಾಡಿದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಹತ್ತಿರದ ಮೂಟೆಯ ಹಗ್ಗ ಬಿಚ್ಚಿ ಎಣಿಸಿದರು. ಐವತ್ತೊಂದು. ಪಕ್ಕದ್ದರಲ್ಲೂ ಐವತ್ತೊಂದು. ಊರಿಗೆಲ್ಲ ಬುದ್ಧಿ ಹೇಳಿದವರೇ ಮೂಟೆ ಮೂಟೆಗೂ ಕೊಸರು ಹಾಕಿ ಕೂತಿದ್ದರು.

ಇಣುಕಿ ನೋಡಲು ಬಂದಿದ್ದ ತಕ್ಕಡಿ ಮಾವನಿಗೆ ಇದೊಂದು ಸಮಸ್ಯೆಯೇ ಎನಿಸಲಿಲ್ಲ. ಕಡಿಮೆ ಕೊಟ್ಟರೆ ತಪ್ಪು, ಹೆಚ್ಚು ಕೊಟ್ಟರೆ ಯಾವ ಸರ್ಕಾರ ಬೈಯುತ್ತದೆ ಎಂದರು. ಮೂಟೆಯ ಚೀಟಿಯ ಮೇಲೆ ಐವತ್ತೊಂದು ಎಂದು ಬರೆದರಾಯಿತು ಎಂದರು ಗಂಡ. ಅಕ್ಕ ಎರಡನ್ನೂ ಒಪ್ಪಲಿಲ್ಲ. ಹಡಗಿನ ಕಾಗದಗಳೆಲ್ಲ ಐವತ್ತೆಂದೇ ಹೋಗಿವೆ. ಹೆಚ್ಚಿದ್ದದ್ದು ಅಲ್ಲಿನ ಕಸ್ಟಮ್ಸಿನವರ ಕಣ್ಣಿಗೆ ಕದ್ದು ತಂದ ಮಾಲು, ಮುಚ್ಚಳಿಕೆಯ ಪ್ರಕಾರ ಲಂಚ. ಬಂದರಿನ ಕಚೇರಿಯಲ್ಲಿ ದುಡಿದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ನೇರ ಮುಂಬಾಗಿಲಿಗೆ ಹೋದರು.

"ಸಾರ್, ನಾನು ಸರಕು ಇನ್ನೂ ಒಪ್ಪಿಸಿಲ್ಲ."

ಇನ್‌ಸ್ಪೆಕ್ಟರು ತಲೆಯೆತ್ತಿದರು. "ಮೂಟೆ ಕಟ್ಟಿ ಇಟ್ಟಿದ್ದೀರಲ್ಲಮ್ಮ."

"ಕಟ್ಟಿದ್ದೀನಿ, ತಪ್ಪು ಕಟ್ಟಿದ್ದೀನಿ. ಪ್ರತಿ ಮೂಟೇಲೂ ಒಂದು ಚೀಲ ಹೆಚ್ಚಿದೆ."

"ಹೆಚ್ಚಾ?" ಅವರು ಪೆನ್ನು ಕೆಳಗಿಟ್ಟರು. "ಇಷ್ಟು ವರ್ಷ ಕಡಿಮೆ ಹಾಕಿದವರನ್ನೇ ಹಿಡಿದಿದ್ದೀನಿ. ಹೆಚ್ಚು ಯಾಕೆ ಹಾಕಿದ್ರಿ?"

"ಅಭ್ಯಾಸ."

ಇನ್‌ಸ್ಪೆಕ್ಟರು ಕಾಗದ ಕೈಗೆತ್ತಿಕೊಂಡರು. ಅದರ ಮೇಲೆ ಆಗಲೇ ಬರೆದಿದ್ದೇನಾದರೂ ಇದೆಯೇ ಎಂದು ನೋಡಿಕೊಂಡರು. ದಿನಾಂಕ ಬಿಟ್ಟರೆ ಏನೂ ಇರಲಿಲ್ಲ. ಸರಬರಾಜುದಾರರು ಸರಕು ಸಿದ್ಧ ಎನ್ನುವ ತನಕ ತಪಾಸಣೆ ಶುರುವಾಗುವುದಿಲ್ಲ ಎಂಬುದು ಅವರಿಗೂ ಗೊತ್ತಿದ್ದ ನಿಯಮ. "ಹಾಗಾದ್ರೆ ನಾನಿನ್ನೂ ಏನೂ ನೋಡಿಲ್ಲ," ಎಂದರು. "ಸರಿಮಾಡಿ ಕರೀರಿ. ಸಂಜೆವರೆಗೆ ಇಲ್ಲೇ ಇರ್ತೀನಿ."

ಯಂತ್ರಗಳ ಸದ್ದು ನಿಂತಿತು. ಟೈಲರುಗಳೆಲ್ಲ ಮೂಟೆ ಕೋಣೆಗೆ ಬಂದರು. ಹಗ್ಗ ಬಿಚ್ಚುವುದು, ಮೇಲಿನದೊಂದು ತೆಗೆಯುವುದು, ಎಣಿಸುವುದು, ಮತ್ತೆ ಬಿಗಿಯುವುದು. ಬಿಗಿಯಲೆಂದು ಅಕ್ಕ ಮೊದಲ ಮೂಟೆಗೆ ಮೊಣಕಾಲು ಊರಿದರು. ಅತ್ತೆ ಅವರ ಕೈ ಮೇಲೆ ಒಂದು ಏಟು ಕೊಟ್ಟರು.

"ನೀನು ಮುಟ್ಟಬೇಡ. ನಿನ್ನ ಕೈ ನಂಬೋಕಾಗಲ್ಲ. ಅದು ನನ್ನ ಕೈ."

ಟೈಲರುಗಳು ನಕ್ಕರು. ಅಕ್ಕನೂ ನಕ್ಕು, ಹಿಂದೆ ಸರಿದು, ಎಣಿಸುವವರ ಬಾಯಿ ನೋಡುತ್ತಾ ನಿಂತರು. ಅತ್ತೆ ಪ್ರತಿ ಮೂಟೆಯ ಬಳಿ ಕೂತು, ಕಟ್ಟುವವರ ಕೈಯನ್ನು ಹದ್ದಿನಂತೆ ಕಾದರು. ಕಪಾಟು ತುಂಬಿ, ಮಿಕ್ಕ ಚೀಲಗಳು ನೆಲಕ್ಕೂ ಬಂದವು.

ಬಿಸಿಲು ಇಳಿಯುವ ಹೊತ್ತಿಗೆ ಅಕ್ಕ ಮತ್ತೆ ಮುಂಬಾಗಿಲಿಗೆ ಹೋಗಿ, ಸರಕು ಸಿದ್ಧ ಎಂದರು. ಇನ್‌ಸ್ಪೆಕ್ಟರು ಯಾರ ಮುಖವನ್ನೂ ನೋಡದೆ ಅಲ್ಲೊಂದು ಇಲ್ಲೊಂದು ಮೂಟೆ ತೋರಿಸಿ ಬಿಚ್ಚಿಸಿದರು. ಎಣಿಸಿದರು, ತಮ್ಮ ತಕ್ಕಡಿಯಲ್ಲೇ ತೂಗಿದರು, ಹೊಲಿಗೆಗೆ ಉಗುರು ಹಾಕಿ ಎಳೆದರು, ತಳದ ಮೂಲೆಗೆ ಬೆರಳು ತೂರಿಸಿ ನೋಡಿದರು. ಆಗ ಅತ್ತೆ ಕಿಟಕಿಯಾಚೆ ನೋಡುತ್ತಿದ್ದರು. ಎಲ್ಲ ಮುಗಿದ ಮೇಲೆ ಇನ್‌ಸ್ಪೆಕ್ಟರು ಬೆಂಚಿಗೆ ಬಂದು ಸಹಿ ಹಾಕಿದರು. ಒಂದು ಪ್ರತಿ ಅಕ್ಕನಿಗೆ, ಒಂದು ತಮ್ಮ ಚೀಲಕ್ಕೆ.

ಅತ್ತೆ ಸೊಸೆಯ ಕಿವಿಯಲ್ಲಿ, ಆ ಗೋದಾಮಿನವನಿಗೆ ಫೋನು ಮಾಡಿ ಷೆಡ್ಡು ಖಾಲಿ ಆಗಲ್ಲ ಅಂತ ಹೇಳು ಎಂದರು. ಮಿಕ್ಕ ಆ ನಲವತ್ತು ಚೀಲಗಳನ್ನು ಅವರು ಆಮೇಲೆ ಬಿಡುವಾದಾಗಲೆಲ್ಲ ಹಿಡಿದು ಕೂತು ಒಂದೊಂದಕ್ಕೂ ಎರಡೆರಡು ಮೂಲೆ ತೇಪೆ ಹಾಕಿದರು. ಬೀದಿಯ ಗಿರಾಕಿಗಳಿಗೆ ಅವೇ ಕೊಸರು. ತಕ್ಕಡಿ ಮಾವ ತೂಕದ ಕಲ್ಲುಗಳನ್ನು ಹಾಕಿಡುವುದು ಅಂಥದ್ದೊಂದರಲ್ಲೇ.

ಅವತ್ತು ಇನ್‌ಸ್ಪೆಕ್ಟರು ಹೊರಡುವ ಮೊದಲು ಫ್ಲಾಸ್ಕು ತೆಗೆದರು. ಅದರ ಮುಚ್ಚಳದಲ್ಲೇ ಚಹಾ ಬಗ್ಗಿಸಿಕೊಳ್ಳಲು ಹೋದಾಗ ಅತ್ತೆ ಒಳಗಿನಿಂದ ಒಂದು ಖಾಲಿ ಲೋಟ ತಂದು ಬೆಂಚಿನ ಮೇಲಿಟ್ಟರು.

"ಚಹಾ ನಿಮ್ಮದೇ ಕುಡೀರಿ. ಲೋಟ ನಮ್ಮದಾಗಿರಲಿ. ಕುಡಿದು ವಾಪಸ್ ಕೊಟ್ಟುಬಿಡಿ, ನಾನೇನೂ ಕೊಟ್ಟ ಹಾಗಾಗಲ್ಲ."

ಇನ್‌ಸ್ಪೆಕ್ಟರು ಲೋಟವನ್ನೂ ಅಕ್ಕನನ್ನೂ ನೋಡಿದರು. ಇಂಥದ್ದಕ್ಕೆ ನಿಯಮವೇನಾದರೂ ಇದೆಯೇ ಎಂದು ಇಬ್ಬರೂ ಒಂದೇ ಹೊತ್ತಿಗೆ ಯೋಚಿಸುತ್ತಿದ್ದಂತಿತ್ತು. ಕೊನೆಗೆ ಅವರು ಫ್ಲಾಸ್ಕು ಬಗ್ಗಿಸಿದರು. ನಿಧಾನಕ್ಕೆ ಕುಡಿದರು. ಎದ್ದು ನಲ್ಲಿಯ ಬಳಿ ಹೋಗಿ ಲೋಟ ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿ ಹೋದರು.